ಕಣ್ಣಿನ ಪರದೆ

"ಬಹಳ ದಿನದಿಂದ ಯಾವುದಾರ ಗುಳಿಗಿ ತಗೋಳಾಕತ್ತೀರೇನಮ್ಮಾ?" ಲಿಂಗಸುಗೂರಿನ ಕಣ್ಣಿನ ಡಾಕ್ಟರು ಕೇಳಿದ ಕೂಡಲೇ ದುರ್ಗಾದೇವಿ ಪಕ್ಕದಲ್ಲಿ ಕುಳಿತಿದ್ದ ಸೊಸೆಯ ಕಡೆ ತಿರುಗಿದಳು. "ರೂಪಾ, ಹೊರಗ ಹೋಗಿ ಒಂದು ಬಾಟ್ಲಿ ನೀರು ತಗೊಂಡ್ ಬಾರವ್ವ." ರೂಪಾ ಎದ್ದು ಹೋದಳು. ಮದುವೆಯಾಗಿ ಮಸ್ಕಿಯ ಅತ್ತೆಯ ಮನೆಗೆ ಬಂದು ಅವಳಿಗೆ ಇನ್ನೂ ಮೂರು ತಿಂಗಳು.

ದುರ್ಗಾದೇವಿ ದನಿ ತಗ್ಗಿಸಿದಳು. "ನನಗ ಎಚ್‌ಐವಿ ಐತ್ರೀ. ಹನ್ನೊಂದು ವರ್ಷದಾಗ ಒಂದು ದಿನಾನೂ ಗುಳಿಗಿ ತಪ್ಪಿಸಿಲ್ಲ. ರಕ್ತದಾಗ ವೈರಸ್ ಕಾಣಸೂದಿಲ್ಲ ಅಂತ ರಿಪೋರ್ಟ್ ಬಂದೈತಿ. ಆದ್ರ ಈಗ ತಿಳಿ ಬಣ್ಣದ ಅರಿವಿ ಮ್ಯಾಲ ಬಿಳಿ ದಾರ ಕಾಣವಲ್ದು. ಹೊಲಿಗಿ ಸೊಟ್ಟ ಹೋಗಾಕತ್ತಾವ."

ಡಾಕ್ಟರು ಅವಳ ಕಣ್ಣಿನ ಒಳಗಿನ ಚಿತ್ರವನ್ನು ಮತ್ತೊಮ್ಮೆ ನೋಡಿದರು. "ಬ್ಯಾನಿ ಹತೋಟ್ಯಾಗ ಇದ್ರೂ ಕೆಲವ್ರಿಗೆ ಕಣ್ಣಿನ ಹಿಂದಿನ ಪರದಿ ತೆಳ್ಳಗಾಗ್ತೈತಿ. ರೆಟಿನಾ ಅಂತೀವಿ. ಹೋದದ್ದು ತಿರುಗಿ ಬರೂದಿಲ್ಲಮ್ಮಾ. ಗುಳಿಗಿ ಮಾತ್ರ ಬಿಡಬ್ಯಾಡ್ರಿ, ಆರು ತಿಂಗಳಿಗೊಮ್ಮೆ ಬಂದು ತೋರಿಸ್ರಿ. ಮನ್ಯಾಗ ಯಾರಿಗೆ ಗೊತ್ತೈತಿ?"

"ಮಗಗ ಅಷ್ಟ."

ಡಾಕ್ಟರು ಬಾಗಿಲ ಕಡೆ ನೋಡಿದರು. ದುರ್ಗಾದೇವಿಯೂ ತಿರುಗಿದಳು. ಪರೀಕ್ಷೆಗೆಂದು ಔಷಧದ ಹನಿ ಹಾಕಿದ್ದ ಕಣ್ಣಿಗೆ ಹೊರಗಿನ ಬೆಳಕು ಚುಚ್ಚಿತು. ಆ ಬೆಳಕಿನಲ್ಲಿ ಯಾರೋ ನಿಂತಿದ್ದರು. ಮುಖ ಮಾತ್ರ ಕಾಣಲಿಲ್ಲ.

"ರೂಪಾ, ಯಾವಾಗ ಬಂದಿ?"

"ಆಗಲೇ ಬಂದೀನ್ರೀ, ಅತ್ತಿ."

ದುರ್ಗಾದೇವಿ ನೀರಿಗಾಗಿ ಕೈ ಚಾಚಿದಳು. ರೂಪಾ ಬಾಟಲಿಯನ್ನು ಆ ಕೈಗೆ ಕೊಡಲಿಲ್ಲ. ಮೇಜಿನ ಅಂಚಿಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.