ಡೆಟಾಲ್ ಹಾಕಿದ ನೀರು

ಈಗಲೂ ಯಾರಾದರೂ ಡೆಟಾಲ್ ಹಾಕಿ ನೆಲ ಒರೆಸಿದರೆ ನಾನು ಮೊದಲು ಬಾಗಿಲ ಕಡೆ ನೋಡುತ್ತೇನೆ.

ತಮ್ಮ ಹುಟ್ಟಿದಾಗ ನನಗೆ ಏಳು ವರ್ಷ. ಆಸ್ಪತ್ರೆಯಲ್ಲಿ ಎರಡು ದಿನ ನೋವು ತಿಂದು ಹೆತ್ತ ಅಮ್ಮನನ್ನು ಬಾಣಂತನಕ್ಕೆ ಜಯನಗರದ ಅಜ್ಜಿಮನೆಗೆ ಕರೆತಂದಿದ್ದರು. ಅವಳು ಮಗುವನ್ನು ತಾನಾಗಿ ಎತ್ತಿಕೊಳ್ಳುತ್ತಲೇ ಇರಲಿಲ್ಲ. ಅಜ್ಜಿಗೆ ಅನುಮಾನ. ಅಮ್ಮನ ದಿಂಬಿನಡಿ ಅಡಕತ್ತರಿ ಇಟ್ಟು, ನನಗೆ "ಏನೋ ಗಾಳಿ ಸೋಕಿದೆ ಕಣೇ. ಅವಳ ಮೇಲೆ ಒಂದು ಕಣ್ಣಿಟ್ಟಿರು, ಏನು ಮಾಡಿದ್ರೂ ನಂಗೆ ಬಂದು ಹೇಳು," ಅಂದಿದ್ದಳು. ನಾನು ದಿನವಿಡೀ ಬಾಗಿಲ ಸಂದಿಯಲ್ಲಿ ನಿಂತು ಅಮ್ಮನನ್ನು ಕಾಯುತ್ತಿದ್ದೆ.

ಆ ಮಧ್ಯಾಹ್ನ ಬಾಣಂತಿಗೆ ನೀರು ಹಾಕಲು ಬರುತ್ತಿದ್ದ ಮುನಿಯಮ್ಮ ಹಂಡೆಯ ಬಿಸಿನೀರಿಗೆ ಡೆಟಾಲ್ ಸುರಿದಳು. ಹಬೆಯ ಜೊತೆ ಅದರ ವಾಸನೆ ಬಚ್ಚಲು ತುಂಬಿತು. ಎಣ್ಣೆ ತಿಕ್ಕಲು ಅಮ್ಮನ ಎರಡೂ ಕಾಲು ಹಿಡಿದು ಎಳೆದಳಷ್ಟೆ. ಅಮ್ಮ ಕಿರುಚಿ, ಅವಳನ್ನು ಒದ್ದು, ಸೀರೆ ಸುತ್ತಿಕೊಂಡು ಕೋಣೆಗೆ ಓಡಿದಳು.

"ನೋಡಿದ್ಯಾ ಮುನಿಯಮ್ಮ? ನಾನು ಹೇಳ್ಲಿಲ್ವಾ?" ಅಂದ ಅಜ್ಜಿ ನನ್ನನ್ನು ಒಳಗೆ ತಳ್ಳಿದಳು. "ಏನಂತಾಳೆ, ಕೇಳ್ಕೊಂಡು ಬಾ."

ಅಮ್ಮ ಮಂಚದ ಮೂಲೆಯಲ್ಲಿ ಮಂಡಿ ಅಪ್ಪಿಕೊಂಡು ಕೂತಿದ್ದಳು.

"ಅವರು ಹೋದ್ರಾ?"

"ಯಾರಮ್ಮ?"

"ಆಸ್ಪತ್ರೆಯವರು. ನನ್ನ ಕಾಲು ಹಿಡ್ಕೊಂಡಿದ್ರಲ್ಲ."

ನಾನು ಮಂಚದ ಕೆಳಗೆ ಬಗ್ಗಿ ನೋಡಿದೆ. ಬೀರುವಿನ ಹಿಂದೆಯೂ ನೋಡಿದೆ. ಯಾರೂ ಇರಲಿಲ್ಲ. ಆದರೂ ಚಿಲಕ ಹಾಕಿ ಬಂದು, ಅವಳ ಪಾದದ ಹತ್ತಿರ, ಬಾಗಿಲಿಗೆ ಮುಖ ಮಾಡಿ ಕೂತೆ. ಅಜ್ಜಿ ಎಷ್ಟು ಬಡಿದರೂ ತೆಗೆಯಲಿಲ್ಲ.