ಒಂಬತ್ತರಿಂದ ಯಾಕೆ?

“ಮೇಡಂ, ಹತ್ತು ಅಂಕಿ ಅದಾವಲ್ರಿ, ಮತ್ತ ಒಂಬತ್ತರಿಂದ ಯಾಕ ಭಾಗಿಸಿದ್ರಿ?”

ಹಿಂದಿನ ಬೆಂಚಿನಿಂದ ಎದ್ದು ನಿಂತವಳು ತಂಬ್ರಹಳ್ಳಿಯ ಹುಲುಗಮ್ಮ. ಹತ್ತು ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ ಶಿವಗಂಗಾಳ ಕೈ ನಿಂತಲ್ಲೇ ನಿಂತಿತು. ಹಗರಿಬೊಮ್ಮನಹಳ್ಳಿಯ ಈ ಕಾಲೇಜಿಗೆ ಅವಳು ಅತಿಥಿ ಉಪನ್ಯಾಸಕಿಯಾಗಿ ಬಂದು ಎರಡು ತಿಂಗಳಾಗಿತ್ತು. ತಾನೆಂದೂ ಸರಿಯಾಗಿ ಓದಿರದ ಸಂಖ್ಯಾಶಾಸ್ತ್ರದ ಪಾಠ ಅವಳ ಪಾಲಿಗೆ ಬಂದಿತ್ತು. ದಿನಾ ಸಂಜೆ ಸೈಬರ್ ಸೆಂಟರಿನಲ್ಲಿ ಕುಳಿತು, ಯಾವುದೋ ದೂರದೇಶದ ವಿಶ್ವವಿದ್ಯಾಲಯ ಎಲ್ಲರಿಗೂ ಪುಕ್ಕಟೆಯಾಗಿ ಇಂಟರ್ನೆಟ್ಟಿಗೆ ಹಾಕಿದ್ದ ಒಬ್ಬ ಪ್ರೊಫೆಸರರ ಪಾಠದ ವಿಡಿಯೊ ನೋಡಿ ಬರೆದುಕೊಂಡು, ಮರುದಿನ ಅದನ್ನೇ ಇಲ್ಲಿ ಒಪ್ಪಿಸುತ್ತಿದ್ದಳು. ಆ ಪ್ರೊಫೆಸರು ಇಲ್ಲದಿದ್ದರೆ ಮೊದಲ ವಾರವೇ ಅವಳ ಕೆಲಸ ಹೋಗುತ್ತಿತ್ತು. ಆದರೆ ನಿನ್ನೆ ನೋಡಿದ ವಿಡಿಯೊದಲ್ಲಿ ಅವರು ಲೆಕ್ಕದ ಇದೇ ಹಂತಕ್ಕೆ ಬಂದಾಗ, ‘ಇದು ನಿಮಗೆ ಗೊತ್ತೇ ಇದೆ’ ಎಂದು ಮುಂದೆ ಹೋಗಿಬಿಟ್ಟಿದ್ದರು. ಮೂರು ಸಲ ಹಿಂದೆ ತಿರುಗಿಸಿ ಕೇಳಿದ್ದಳು. ಮೂರು ಸಲವೂ ಅವರು ಅಷ್ಟೇ ಹೇಳಿದ್ದರು. ಕೈ ಎತ್ತಿ ಕೇಳಲು ಅಲ್ಲಿ ದಾರಿಯಿರಲಿಲ್ಲ.

ಸೂತ್ರ ಇರುವುದೇ ಹಾಗೆ ಎಂದು ಗದರಿ ಕೂರಿಸಬಹುದಿತ್ತು. ನಲವತ್ತು ಜೊತೆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

“ನನಗೂ ಗೊತ್ತಿಲ್ಲವ್ವ,” ಎಂದಳು.

ಯಾರೂ ನಗಲಿಲ್ಲ. ಹುಲುಗಮ್ಮ ಸ್ವಲ್ಪ ಯೋಚಿಸಿ, “ಹಂಗಾರ ಮೂರೇ ಅಂಕಿ ತಗೊಂಡು, ಮೂರರಿಂದ್ಲೂ ಎರಡರಿಂದ್ಲೂ ಭಾಗಿಸಿ ನೋಡೋಣೇನ್ರಿ?” ಎನ್ನುತ್ತ ಮುಂದೆ ಬಂದಳು. ಅವಳ ಹಿಂದೆ ಮತ್ತೂ ನಾಲ್ವರು ಬಂದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿದರು, ವಾದ ಜೋರಾಯಿತು. ಸದ್ದು ಕೇಳಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದು ನಿಂತರು.

“ಏನ್ರಿ ಮೇಡಂ ಇದು ಗದ್ದಲ?”

ಶಿವಗಂಗಾ ಬಾಗಿಲ ಕಡೆ ತಿರುಗಿದಳು.

“ಪಾಠ ನಡದೈತ್ರಿ ಸರ್,” ಎಂದಳು.