ಮನೆಗೊಂದು ಲೈಸೆನ್ಸ್

ನಿಂಬಿನ್ ಬೆಟ್ಟ ಇಳಿಯುವ ತಿರುವಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದದ್ದನ್ನು ಕಂಡು ಕ್ಲಾರಿಗೆ ನಗು ಬಂತು. ಸ್ಟಿಯರಿಂಗ್ ಹಿಡಿದವರಿಗೆ ಮಾತ್ರ ಎಂಜಲು ಪರೀಕ್ಷೆ. ಹಿಡಿದಿದ್ದವಳು ಹೆಂಡತಿ ನೋಲಾ. ಮೂರು ತಿಂಗಳ ಹಿಂದೆ ಹೂಡಿದ ಉಪಾಯ ಇವತ್ತು ಕೈ ಹಿಡಿದಿತ್ತು.

“ವಾಪಸ್ ಹೋಗೋಣ್ವಾ? ಹಾಡಿನ ಪುಸ್ತಕ ಮರೆತು ಬಂದೆ,” ಎಂದಳು ನೋಲಾ.

“ನಿನ್ನ ಕಣ್ಣೆದುರೇ ಇದೆಯಲ್ಲೇ.”

ಪುಸ್ತಕ ಗಾಜಿನ ಕೆಳಗೆ, ಅವಳ ಮೂಗಿನ ನೇರಕ್ಕೇ ಇತ್ತು. ನೋಲಾ ಅದನ್ನೊಮ್ಮೆ ನೋಡಿ, ಕಾರನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದಳು. ಮುಂದೆ ನಾಲ್ಕು ಗಾಡಿಗಳಿದ್ದವು.

ನಲವತ್ತು ವರ್ಷ ಹಾಲಿನ ಟ್ಯಾಂಕರ್ ಓಡಿಸಿ ಕ್ಲಾರಿ ತನ್ನ ಬೆನ್ನನ್ನು ಹಾಳುಮಾಡಿಕೊಂಡಿದ್ದ. ನಿವೃತ್ತಿಯಾದ ಮೇಲೆ ನೋವಿನ ಜೊತೆಗೆ ಆತಂಕವೂ ಗಂಟುಬಿತ್ತು. ಫೋನ್ ಬಡಿದುಕೊಂಡರೆ ಸಾಕು, ಎದೆ ಡವಡವ. ಮಾತ್ರೆಗಳೆಲ್ಲ ಸೋತ ಮೇಲೆ ಡಾಕ್ಟರು ಗಾಂಜಾ ಎಣ್ಣೆ ಬರೆದುಕೊಟ್ಟರು. ಅದರಲ್ಲಿ ಹೆಚ್ಚಿನದು ಸಿಬಿಡಿ ಎಂಬ ನೋವು ತಗ್ಗಿಸುವ ಅಂಶ, ಜೊತೆಗೆ ಮತ್ತೇರಿಸುವ ಅಂಶವೂ ಒಂದಿಷ್ಟು. ದಿನಕ್ಕೆರಡು ಸಲ ನಾಲಿಗೆಯಡಿ ನಾಲ್ಕು ಹನಿ. ಎರಡನೇ ವಾರಕ್ಕೆ ಕ್ಲಾರಿ ತನ್ನ ಬೂಟಿನ ಲಾಡಿಯನ್ನು ತಾನೇ ಕಟ್ಟಿಕೊಂಡ. ಕಟ್ಟಿಕೊಂಡು ಶೆಡ್ಡಿನಲ್ಲಿ ಒಬ್ಬನೇ ಕೂತು ಅತ್ತೂ ಬಿಟ್ಟ.

ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಎಂಜಲಿನಲ್ಲಿ ಗಾಂಜಾದ ಗುರುತು ಸಿಕ್ಕರೆ ಚೀಟಿ ತೋರಿಸಿದರೂ ಪೊಲೀಸರು ಕೇಳುವುದಿಲ್ಲ, ಲೈಸೆನ್ಸ್ ಹೋಗುತ್ತದೆ. ಪೇಟೆ ನಲವತ್ತು ಕಿಲೋಮೀಟರ್ ದೂರ. ಮನೆಯ ಹತ್ತಿರ ಬಸ್ಸಿಲ್ಲ. ಲೈಸೆನ್ಸ್ ಇಲ್ಲದ ಮುದುಕರು ಒಬ್ಬೊಬ್ಬರಾಗಿ ಬೆಟ್ಟ ಬಿಟ್ಟು ವೃದ್ಧಾಶ್ರಮ ಸೇರಿದ್ದನ್ನು ಕ್ಲಾರಿ ನೋಡಿದ್ದ. ಅವನಿಗೆ ಸಾವಿಗಿಂತ ಅದರದ್ದೇ ಭಯ.

ನೋಲಾಗೆ ಹೇಳುವಂತಿರಲಿಲ್ಲ. ಉದ್ದಕೂದಲಿನ ಹುಡುಗ ಹುಡುಗಿಯರು ಬಂದು ಊರಿನ ತುಂಬ ಗಾಂಜಾ ಬೆಳೆದ ಕಾಲದಿಂದಲೂ ಅವಳು ಆ ಗಿಡದ ಕಡುವೈರಿ. ಮಹಿಳಾ ಸಂಘದ ಅಧ್ಯಕ್ಷೆ, ಚರ್ಚಿನ ಆರ್ಗನ್ ವಾದಕಿ, ಪೊಲೀಸರಿಗೆ ವರ್ಷಕ್ಕೊಂದು ದೂರು ಬರೆದವಳು. ಹಾಗಾಗಿ ಕ್ಲಾರಿ ಬಾಟಲಿಯನ್ನು ಮೀನಿನ ಗಾಳಗಳ ಡಬ್ಬಿಯಲ್ಲಿ ಬಚ್ಚಿಟ್ಟ. ಕಣ್ಣು ಮಂಜಾಗುತ್ತಿದೆ ಎಂದು ಸುಳ್ಳು ಹೇಳಿ ಕಾರಿನ ಕೀಲಿಯನ್ನು ಹೆಂಡತಿಗೆ ಒಪ್ಪಿಸಿದ. ಮನೆಯಲ್ಲಿ ಒಬ್ಬರ ಲೈಸೆನ್ಸಾದರೂ ಭದ್ರವಾಗಿರಲಿ ಎಂಬ ಲೆಕ್ಕಾಚಾರ. ನೋಲಾ ಮೊದಮೊದಲು ಖುಷಿಯಿಂದಲೇ ಓಡಿಸಿದಳು. ಈಚೆಗೆ ಮಾತ್ರ ಪೇಟೆಗೆ ಹೊರಡೋಣ ಎಂದರೆ ಏನಾದರೊಂದು ನೆವ ಹೇಳುತ್ತಿದ್ದಳು.

ಎಣ್ಣೆಯ ಭಾಗ್ಯವೂ ಹೆಚ್ಚು ದಿನ ಉಳಿಯಲಿಲ್ಲ. ಆರು ವಾರದಿಂದ ಅದರ ಕಹಿ ಹೋಗಿತ್ತು, ಗುಣವೂ ಹೋಗಿತ್ತು. ಬೆನ್ನು ಮತ್ತೆ ಹಿಡಿದುಕೊಂಡಿತು. ಬೂಟಿನ ಲಾಡಿ ಮತ್ತೆ ನೋಲಾಳ ಪಾಲಿಗೆ ಬಂತು. ಕ್ಲಾರಿ ಔಷಧಿ ಅಂಗಡಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ಆ ಕಡೆಯ ಹುಡುಗಿ ಪಾಪ, ಔಷಧಿಯಲ್ಲಿ ಯಾವ ದೋಷವೂ ಇಲ್ಲವೆಂದು ಮೂರು ಸಲ ಹೇಳಿದಳು.

ಹೊಟ್ಟೆ ಉರಿಸಲು ನೋಲಾಳ ತಾಮ್ರದ ಬಳೆ ಬೇರೆ. ಸಂಧಿವಾತದಿಂದ ಬೆರಳು ಸೊಟ್ಟಗಾಗಿ ಆರ್ಗನ್ ಬಿಟ್ಟು ವರ್ಷವಾಗಿತ್ತು. ತಿಂಗಳ ಹಿಂದೆ ಸಂತೆಯಲ್ಲಿ ಯಾರೋ ಮಾರಿದ ಬಳೆ ತೊಟ್ಟಿದ್ದೇ ತಡ, ಮತ್ತೆ ನುಡಿಸತೊಡಗಿದಳು. ಪಾತ್ರೆ ತೊಳೆಯುವಾಗ ಹಾಡು, ಕಳೆ ಕೀಳುವಾಗ ಹಾಡು. ಡಾಕ್ಟರು ಕೊಟ್ಟ ಮದ್ದು ಕೈಕೊಡುತ್ತದೆ, ಸಂತೆಯ ಬಳೆ ಕೆಲಸ ಮಾಡುತ್ತದೆ. ಇದೆಂಥ ನ್ಯಾಯ ಎಂದು ಕ್ಲಾರಿ ಕುದಿದಿದ್ದ. ಇವತ್ತು ಬೆಳಿಗ್ಗೆ ಹಟಕ್ಕೆ ಬಿದ್ದು ಎಂಟು ಹನಿ ಹಾಕಿಕೊಂಡಿದ್ದ.

ಅವರ ಸರದಿ ಬಂತು. ಎಳೆಯ ಪೊಲೀಸಮ್ಮ ಬಗ್ಗಿ, ನಾಲಿಗೆಯ ಮೇಲೆ ಪರೀಕ್ಷೆಯ ಕಡ್ಡಿ ಎಳೆಯಲು ಹೇಳಿದಳು. ನೋಲಾ ಎಳೆದಳು. ಕ್ಲಾರಿ ಕಿಟಕಿಯಾಚೆ ಹಸು ನೋಡುತ್ತ ಕೂತ.

“ಅಮ್ಮಾ, ಸ್ವಲ್ಪ ಕೆಳಗಿಳೀತೀರಾ? ಗಾಂಜಾ ಅಂತ ತೋರಿಸ್ತಿದೆ.”

ಕ್ಲಾರಿ ಬೆನ್ನು ಮರೆತು ಕಾರಿನಿಂದ ಜಿಗಿದ. ನಿಮ್ಮ ಯಂತ್ರ ಕೆಟ್ಟಿದೆ, ಇವಳು ಚರ್ಚಿನ ದ್ರಾಕ್ಷಾರಸವನ್ನೂ ತುಟಿಗೆ ಸೋಕಿಸಿ ಅಷ್ಟಕ್ಕೇ ಬಿಡುವವಳು ಎಂದು ವಾದಿಸಿದ. ವ್ಯಾನಿನಲ್ಲಿ ಎರಡನೇ ಪರೀಕ್ಷೆ ಮಾಡಿದರು. ಅದೂ ಅದನ್ನೇ ಹೇಳಿತು. ನೋಲಾ ಬಳೆ ತಿರುಗಿಸುತ್ತ ನಿಂತಳು. ತನ್ನ ಬಾಟಲಿ ಮುಟ್ಟಿದ ಕೈಯಿಂದ ಅವಳ ಚಹಾಕ್ಕೆ ಏನಾದರೂ ಸೋಕಿತೋ ಎಂದು ಕ್ಲಾರಿಗೆ ಜೀವವೇ ಬಾಯಿಗೆ ಬಂತು.

ಈಗ ಕಾರು ಯಾರು ಓಡಿಸುತ್ತಾರೆ ಎಂದು ಪೊಲೀಸಮ್ಮ ಕೇಳಿದಳು. ಅವನೇ ಓಡಿಸುವುದಾದರೆ ಅವನೂ ಕಡ್ಡಿ ನೆಕ್ಕಬೇಕು. ಎಂಟು ಹನಿಗಳು ಕ್ಲಾರಿಯ ಕಣ್ಣ ಮುಂದೆ ಬಂದವು. ಎರಡು ಲೈಸೆನ್ಸ್, ಒಂದೇ ಬೆಳಿಗ್ಗೆ, ಎರಡೂ ತನ್ನಿಂದಲೇ. ತಪ್ಪೆಲ್ಲ ನನ್ನದು, ಆ ಎಣ್ಣೆ ನನ್ನದೇ ಎಂದು ಎಲ್ಲರೆದುರು ಒಪ್ಪಿಕೊಂಡು, ನಾಲಿಗೆ ಚಾಚಿದ.

ಪೊಲೀಸಮ್ಮ ಕಡ್ಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ನಿಮ್ಮಲ್ಲಿ ಏನೂ ಇಲ್ವಲ್ಲ ಸರ್. ನೀವು ಓಡಿಸಬಹುದು.”

ನೋಲಾ ಅವನ ಅಂಗೈಗೆ ಕೀಲಿ ಇಟ್ಟು, ಮೊದಲ ಸಲ ಅವನ ಮುಖ ನೋಡಿದಳು.

“ನಿನ್ನ ಲೈಸೆನ್ಸ್ ಉಳೀಲಿ ಅಂತಲೇ ಕ್ಲಾರಿ, ಬಾಟಲಿಯಲ್ಲಿದ್ದದ್ದನ್ನ ತೆಗೆದು ಅಡುಗೆ ಎಣ್ಣೆ ತುಂಬ್ತಾ ಬಂದೆ, ತೆಗೆದದ್ದನ್ನ ಚೆಲ್ಲೋಕೆ ಮಾತ್ರ ಮನಸ್ಸು ಬರಲಿಲ್ಲ.”